ಚೆಂಡಿಗಿಲ್ಲದ ಮೈಲಿಗೆ

ಯಾಪಲದಿನ್ನಿಯಲ್ಲಿ ಕ್ರಿಕೆಟ್ ಆಡಲಿಕ್ಕೆ ಮೈದಾನ ಅಂತ ಬೇರೆ ಬೇಕಿಲ್ಲ. ಪೀಕು ತೆಗೆದು ಹೊಲ ಖಾಲಿಯಾದರೆ ಅದೇ ಮೈದಾನ. ಮೂರು ಕಟ್ಟಿಗೆ ನೆಟ್ಟರೆ ಅವೇ ಸ್ಟಂಪು. ರಾಯಚೂರು ಸೀಮೆಯ ಬಿಸಿಲು ನೆತ್ತಿ ಸುಡುತ್ತಿದ್ದರೂ ಆಡುವ ಹುಡುಗರಿಗೆ ಅದರ ಖಬರಿಲ್ಲ. ನಾವು ಕೆಲವು ಗೆಳೆಯರು ಸಂಜೆ ಹೊತ್ತು ಅಲ್ಲಿ ಹೋಗಿ ಕೂಡುತ್ತೇವೆ. ಆಟ ನೋಡಲಿಕ್ಕೂ ಹೌದು, ಆಟ ಮುಗಿದ ಮೇಲೆ ಹುಡುಗರ ಜೊತೆ ನಾಲ್ಕು ಮಾತಾಡಲಿಕ್ಕೂ ಹೌದು.

ಹಿಂಗೇ ಒಂದು ಸಂಜೆ ಕೇರಿಯ ಹುಡುಗನೊಬ್ಬ ಬೆವರು ಒರೆಸಿಕೊಳ್ಳುತ್ತ ಬಂದು ಕೇಳಿದ: "ಸರ್, ನಮ್ಮ ರಾಯಚೂರಿನ ಯೆರೇಗೌಡ ರಣಜಿ ಆಡ್ಯಾರ, ಕರ್ನಾಟಕಕ್ಕ ಕ್ಯಾಪ್ಟನ್ ಆಗ್ಯಾರ ಅಂತ ಹೇಳ್ತೀರಿ. ನಮ್ಮ ಮಂದ್ಯಾಗ ಯಾರರ ದೊಡ್ಡ ಕ್ರಿಕೆಟ್ ಆಡ್ಯಾರೇನ್ರಿ?"

ಆಡ್ಯಾರಪ್ಪ ತಮ್ಮಾ, ಅಂತ ನಾವು ಹೇಳಿದೆವು. ಹೆಸರನ್ನೂ ಹೇಳಿದೆವು. ಆದರೆ ಆ ಹೆಸರಿನ ಹಿಂದಿರುವ ಕಥೆ ಹೇಳುತ್ತ ಹೋದಂತೆ, ನಾವು ಶಾಲೆಗಳಲ್ಲಿ ಸಭೆಗಳಲ್ಲಿ ಇಷ್ಟು ವರ್ಷ ಮಕ್ಕಳಿಗೆ ಹೇಳಿಕೊಂಡು ಬಂದ ಒಂದು ಮಾತು ನಮ್ಮ ಗಂಟಲಲ್ಲೇ ಸಿಕ್ಕಿಕೊಂಡಿತು. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇವೆ.

ಹೆಸರು ಬಾಳೂ ಪಾಲವಣಕರ. ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, 1876ರ ಸುಮಾರಿಗೆ. ಮನೆತನದ ಮೂಲ ಕೊಂಕಣದ ಪಾಲವಣ ಎಂಬ ಊರು. ಜಾತಿ ಚಾಂಭಾರ, ನಮ್ಮ ಕಡೆ ಸಮಗಾರರು ಅಂತೀವಲ್ಲ, ಚರ್ಮದ ಕಸುಬಿನ ಆ ಜನ. ಮುಂದೆ ಮನೆಯವರು ಪುಣೆಗೆ ಹೋದರು. ಅಲ್ಲಿ ಹುಡುಗ ಬಾಳೂ ಪಾರ್ಸಿಗಳ ಕ್ರಿಕೆಟ್ ಕ್ಲಬ್ಬಿನಲ್ಲಿ ತಿಂಗಳಿಗೆ ಮೂರು ರೂಪಾಯಿ ಸಂಬಳಕ್ಕೆ ನೆಲ ಗುಡಿಸುವ ಕೆಲಸಕ್ಕೆ ಸೇರಿದ. ಆಮೇಲೆ ಬಿಳಿಯರ ಪೂನಾ ಕ್ಲಬ್ಬು. ಸಂಬಳ ನಾಲ್ಕು ರೂಪಾಯಿ. ಪಿಚ್ಚಿನ ಮೇಲೆ ರೋಲರ್ ಎಳೆಯುವುದು, ನೆಟ್ ಕಟ್ಟುವುದು, ಸಾಹೇಬರಿಗೆ ಬಾಲ್ ಹಾಕುವುದು. ಎಡಗೈಯಿಂದ ನಿಧಾನ ಬಾಲು, ನೆಲಕ್ಕೆ ಬಿದ್ದರೆ ಹಾವಿನ ಹಾಂಗ ಹೊರಳುವುದು. ಗ್ರೇಗ್ ಎಂಬ ದೊಡ್ಡ ಬ್ಯಾಟ್ಸ್‌ಮನ್ ತನ್ನನ್ನು ಔಟ್ ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದನೆಂದು ಕಥೆಯಿದೆ.

ಕಥೆ ನಿಜವೇ ಇರಲಿ. ಅದರ ಪಕ್ಕದಲ್ಲಿ ಇನ್ನೊಂದು ಸಂಗತಿಯನ್ನಿಟ್ಟು ನೋಡಬೇಕು. ಆ ನೆಟ್‌ನಲ್ಲಿ ನೂರಾರು ತಾಸು ಬಾಲ್ ಹಾಕಿದ ಬಾಳೂವಿನ ಕೈಗೆ ಒಂದು ದಿನವೂ ಬ್ಯಾಟು ಕೊಡಲಿಲ್ಲ. ಬ್ಯಾಟು ಬೀಸುವುದು ದೊರೆಗಳ ಕೆಲಸ, ಬಾಲ್ ಹಾಕುವುದು ಆಳಿನ ಕೆಲಸ. ಬೆವರು ಯಾರದು, ರನ್ನು ಯಾರದು ಎಂಬುದನ್ನು ಇಂಗ್ಲಿಷರೂ ನಮ್ಮ ಊರಗೌಡರ ಹಾಂಗೇ ಹಂಚಿಟ್ಟಿದ್ದರು. (ಆಟ ನೋಡುವವರು ಒಮ್ಮೆ ನಿಮ್ಮೂರಿನ ಹೊಲದಲ್ಲೂ ನೋಡಿರಿ: ಬ್ಯಾಟು ಯಾರ ಮನೆಯದು, ಸಂಜೆತನಕ ಬಾಲ್ ಹಾಕುವವನು ಯಾರು.)

ಪುಣೆಯ ಹಿಂದೂ ತಂಡಕ್ಕೆ ಬಿಳಿಯರನ್ನು ಸೋಲಿಸಬೇಕಾಗಿತ್ತು. ಅದಕ್ಕೆ ಬಾಳೂ ಬೇಕಾಗಿದ್ದರು. ಕೂಡಿಸಿಕೊಳ್ಳಬೇಕೋ ಬೇಡವೋ ಎಂದು ದೊಡ್ಡ ಚರ್ಚೆ ನಡೆಯಿತು, ಕಡೆಗೆ ಕೂಡಿಸಿಕೊಂಡರು. ಆದರೆ ಕೂಡಿಸಿಕೊಂಡದ್ದು ಗೆರೆಯ ಒಳಗೆ ಮಾತ್ರ. ಗೆರೆ ದಾಟಿ ಹೊರಗೆ ಬಂದರೆ ಉಳಿದವರಿಗೆ ಪಿಂಗಾಣಿ ಕಪ್ಪಿನಲ್ಲಿ ಚಹಾ, ಬಾಳೂಗೆ ಪೆವಿಲಿಯನ್ನಿನ ಹೊರಗೆ ಕುಡಿದು ಒಗೆಯುವ ಮಣ್ಣಿನ ಕುಡಿಕೆಯಲ್ಲಿ. ಊಟಕ್ಕೆ ಬೇರೆ ತಾಟು, ಬೇರೆ ಮೇಜು. ಕೈಕಾಲು ಮುಖ ತೊಳೆಯಬೇಕೆಂದರೆ ಮೈದಾನದ ಮೂಲೆಗೆ ನಿಲ್ಲಬೇಕು, ಅಸ್ಪೃಶ್ಯ ಆಳು ನೀರು ತಂದು ಕೊಡಬೇಕು.

ಈಗ ವಿಚಾರ ಮಾಡೋಣ. ಚೆಂಡು ಒಂದೇ. ಬಾಳೂ ಆ ಚೆಂಡನ್ನು ಬೆರಳಲ್ಲಿ ತಿರುವಿ ಒಗೆಯುತ್ತಾರೆ. ಬ್ರಾಹ್ಮಣ ವಿಕೆಟ್‌ಕೀಪರ್ ಅದನ್ನೇ ಎರಡೂ ಕೈಯಲ್ಲಿ ಹಿಡಿದು ಸಂಭ್ರಮದಿಂದ ಮೇಲಕ್ಕೆತ್ತುತ್ತಾನೆ. ಆ ಚೆಂಡಾದರೂ ಯಾವುದರದು? ಒಳಗೆ ಬೆಂಡು, ದಾರ. ಮೇಲೆ ಹಸುವಿನ ಚರ್ಮ. ಸತ್ತ ದನದ ಚರ್ಮ ಮುಟ್ಟಿದ್ದಕ್ಕೇ ಒಂದು ಜನಾಂಗವನ್ನು ಊರ ಹೊರಗಿಟ್ಟವರು, ಅದೇ ಚರ್ಮಕ್ಕೆ ಕೆಂಪು ಬಣ್ಣ ಹಚ್ಚಿ ಹೊಲಿಗೆ ಹಾಕಿ ಕೊಟ್ಟರೆ ಧೋತರಕ್ಕೆ ತಿಕ್ಕಿ ಹೊಳಪು ಮಾಡುತ್ತಾರೆ! ಹಾಗಾದರೆ ಮೈಲಿಗೆ ಇದ್ದದ್ದು ಎಲ್ಲಿ? ಚರ್ಮದಲ್ಲಿ ಇರಲಿಲ್ಲ. ಬಾಳೂವಿನ ಬೆರಳಲ್ಲೂ ಇರಲಿಲ್ಲ, ಇದ್ದಿದ್ದರೆ ಚೆಂಡಿಗೂ ಅಂಟಬೇಕಿತ್ತು. ಮುಟ್ಟಿದರೆ ಮೈಲಿಗೆ ಎಂಬ ಮಾತನ್ನು ಮುಟ್ಟುವುದರ ಬಗ್ಗೆ ಹೇಳಿದ ಮಾತು ಎಂದು ನಂಬಿ ನಾವು ಮೋಸ ಹೋಗಿದ್ದೇವೆ. ಯಾವಾಗ ಮುಟ್ಟಬಹುದು, ಯಾವಾಗ ಮುಟ್ಟಬಾರದು ಎಂದು ತೀರ್ಮಾನ ಮಾಡುವ ಹಕ್ಕು ಯಾರದು ಎಂಬುದರ ಬಗ್ಗೆ ಇದ್ದ ಮಾತು ಅದು. ಬಿತ್ತುವ ಕೈಗೆ ಮೈಲಿಗೆಯಿಲ್ಲ, ರಾಶಿ ಮಾಡುವ ಕೈಗೆ ಮೈಲಿಗೆಯಿಲ್ಲ. ಅದೇ ಕೈ ಬಾವಿಗೆ ಕೊಡ ಬಿಟ್ಟರೆ ಬಂತು ಮೈಲಿಗೆ.

1896ರಲ್ಲಿ ಪುಣೆಗೆ ಪ್ಲೇಗು ಬಡಿಯಿತು. ಬಾಳೂ ಮುಂಬಯಿಗೆ ಹೋದರು, ಮುಂದೆ ರೈಲ್ವೆಯಲ್ಲಿ ನೌಕರಿ, ಹಿಂದೂ ಜಿಮ್ಖಾನಾ ತಂಡದಲ್ಲಿ ಆಟ. 1906ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿತು. ಆ ಗೆಲುವಿನಲ್ಲಿ ದೊಡ್ಡ ಪಾಲು ಬಾಳೂ ಮತ್ತು ತಮ್ಮ ಶಿವರಾಮ ಅವರದು. ಮರುವರ್ಷ ಮತ್ತೆ ಗೆಲುವು. ಆ ಹೊತ್ತಿಗೆ ಅವರಿಗೆ ಜಿಮ್ಖಾನಾದ ಊಟದ ಕೋಣೆಯೊಳಗೆ ಎಲ್ಲರ ಜೊತೆ ಕೂತು ಉಣ್ಣುವ ಅವಕಾಶ ಸಿಕ್ಕಿತ್ತು. ಸುಧಾರಕರು ಇದನ್ನು ಕೊಂಡಾಡಿದರು.

ಇಲ್ಲೇ ನಮ್ಮ ಗಂಟಲಲ್ಲಿ ಮಾತು ಸಿಕ್ಕಿಕೊಂಡದ್ದು. ನಮ್ಮಲ್ಲಿ ಬಹಳ ಮಂದಿ ಮಾಸ್ತರರಿದ್ದೇವೆ. ಕೇರಿಯ ಮಕ್ಕಳಿಗೆ ನಾವೇನು ಹೇಳುತ್ತೇವೆ? 'ಚೆನ್ನಾಗಿ ಓದ್ರಲೇ, ಫಸ್ಟ್ ಕ್ಲಾಸ್ ಬರ್ರಿ, ದೊಡ್ಡ ಸಾಹೇಬರಾಗ್ರಿ, ಆಗ ಯಾರೂ ನಿಮ್ಮ ಜಾತಿ ಕೇಳೂದಿಲ್ಲ.' ಪ್ರೀತಿಯಿಂದಲೇ ಹೇಳುತ್ತೇವೆ. ಆದರೆ ಈ ಮಾತಿನ ಹೊಟ್ಟೆಯೊಳಗೆ ಇನ್ನೊಂದು ಮಾತಿದೆ: ಫಸ್ಟ್ ಕ್ಲಾಸ್ ಬಾರದವನ ಜಾತಿ ಕೇಳಿದರೆ ತಪ್ಪಿಲ್ಲ. ಬಾಳೂ ಊಟದ ಕೋಣೆಗೆ ಹೋದದ್ದು ಮನುಷ್ಯನೆಂಬ ಕಾರಣಕ್ಕಲ್ಲ, ವಿಕೆಟ್ ಕಿತ್ತ ಕಾರಣಕ್ಕೆ. ಉಳಿದ ಹತ್ತು ಮಂದಿ ಆ ಕೋಣೆಗೆ ಹೋಗಲು ಎಷ್ಟು ವಿಕೆಟ್ ಕಿತ್ತಿದ್ದರು? ಸೊನ್ನೆಗೆ ಔಟಾಗಿ ಬಂದವನೂ ಪಿಂಗಾಣಿ ಕಪ್ಪಿನಲ್ಲೇ ಚಹಾ ಕುಡಿದನಲ್ಲ!

ಇನ್ನು ಆ ನೀರು ತಂದು ಕೊಡುತ್ತಿದ್ದ ಆಳು. ಬಾಳೂವಿನ ಹಾಂಗೇ ಅಸ್ಪೃಶ್ಯ. ಅವನಿಗೆ ಬಾಲ್ ತಿರುವಲಿಕ್ಕೆ ಬರುತ್ತಿರಲಿಲ್ಲ, ಕೊಡ ಹೊರಲಿಕ್ಕೆ ಬರುತ್ತಿತ್ತು. ಕ್ರಿಕೆಟ್ಟಿನ ಇತಿಹಾಸದಲ್ಲಿ ಬಾಳೂವಿನ ಹೆಸರು ಉಳಿದಿದೆ. ಆ ಆಳಿನ ಹೆಸರು ಯಾರಿಗೂ ಬೇಕಾಗಲಿಲ್ಲ. ಬಾಳೂ ಒಳಗೆ ಹೋದ ದಿನ ಅವನಂಥವರಿಗೆ ಬಾಗಿಲು ತೆರೆಯಿತೆ? ಒಬ್ಬನ ಕೈಚಳಕಕ್ಕೆ ವಿನಾಯಿತಿ ಕೊಟ್ಟಾಗ ನಿಯಮ ಹಾಗೇ ಉಳಿಯುತ್ತದೆ. ಅಷ್ಟೇ ಅಲ್ಲ, 'ನೋಡ್ರಿ, ನಾವು ಯೋಗ್ಯತೆ ಇದ್ದವರನ್ನ ಬಿಟ್ಟುಕೊಂಡೀವಿ' ಎಂದು ಹೇಳಿಕೊಳ್ಳಲು ಅದಕ್ಕೆ ಒಂದು ನೆಪವೂ ಸಿಗುತ್ತದೆ. ಮೂವತ್ತೈದು ಮಾರ್ಕು ತೆಗೆದು ಪಾಸಾದ ಹುಡುಗ, ನಪಾಸಾಗಿ ಕೂಲಿಗೆ ಹೋದ ಹುಡುಗಿ, ಇವರ ಮಾನ ಎಷ್ಟು ಮಾರ್ಕಿನದು?

ಹಾಗೆಂದು ಬಾಳೂ ಅವರ ಸಾಧನೆಯನ್ನು ನಾವು ಸಣ್ಣದು ಮಾಡುತ್ತಿಲ್ಲ. 1911ರಲ್ಲಿ ಪಟಿಯಾಲಾ ಮಹಾರಾಜರ ನಾಯಕತ್ವದಲ್ಲಿ ಭಾರತದ ತಂಡ ಇಂಗ್ಲೆಂಡಿಗೆ ಹೋಯಿತು. ನಾಯಕರಾದ ಮಹಾರಾಜರು ಬಹಳಷ್ಟು ಪಂದ್ಯಗಳಲ್ಲಿ ಮೈದಾನಕ್ಕೇ ಇಳಿಯಲಿಲ್ಲ. ತಂಡ 23 ಪಂದ್ಯಗಳಲ್ಲಿ ಗೆದ್ದದ್ದು ಆರು, ಸೋತದ್ದು 15. ಆ ಸೋಲುಗಳ ನಡುವೆ ಮೂವತ್ತೈದು ದಾಟಿದ್ದ ಬಾಳೂ ಒಬ್ಬರೇ 114 ವಿಕೆಟ್ ತೆಗೆದರು. ಎರಡು ದಶಕ ಕಳೆದು 1932ರಲ್ಲಿ ಭಾರತ ಮೊದಲ ಟೆಸ್ಟ್ ಆಡುವ ಹೊತ್ತಿಗೆ ಅವರ ಆಟದ ವಯಸ್ಸು ಮುಗಿದುಹೋಗಿತ್ತು.

ಇಷ್ಟಾಗಿಯೂ ಹಿಂದೂ ತಂಡದ ನಾಯಕತ್ವ ಅವರಿಗೆ ಕೊಡಲಿಲ್ಲ. ವರ್ಷದಿಂದ ವರ್ಷಕ್ಕೆ ಬೇರೆಯವರು ಕ್ಯಾಪ್ಟನ್ ಆದರು. ಊಟದ ಮೇಜಿಗೆ ಬಿಟ್ಟುಕೊಂಡವರು ಈ ಒಂದು ಜಾಗ ಮಾತ್ರ ಬಿಡಲಿಲ್ಲ. ಯಾಕಂದ್ರ ಕ್ಯಾಪ್ಟನ್ ಹೇಳಿದ ಕಡೆ ಉಳಿದವರು ನಿಲ್ಲಬೇಕು. ಚಾಂಭಾರ 'ಅತ್ತ ಹೋಗು' ಅಂದರೆ ಬ್ರಾಹ್ಮಣ ಅತ್ತ ಹೋಗಬೇಕು. ಜೊತೆಗೆ ಉಣ್ಣುವುದಕ್ಕಿಂತ ದೊಡ್ಡ ಮೈಲಿಗೆ ಅದು!

1920ರಲ್ಲಿ ಈ ಗಾಯ ಒಡೆಯಿತು. ಬಾಳೂ ಅವರನ್ನು ತಂಡದಿಂದ ಕೈಬಿಟ್ಟರು. ನಾಯಕ ಪೈ ಅವರಿಗೆ ಮೈ ಸರಿಯಿಲ್ಲದಾಗ, ಹಿರಿಯ ಆಟಗಾರರಾಗಿದ್ದ ಇನ್ನೊಬ್ಬ ತಮ್ಮ ವಿಠ್ಠಲರನ್ನು ಬಿಟ್ಟು ದೇವಧರ ಎಂಬವರನ್ನು ನಾಯಕ ಮಾಡಿದರು. ವಿಠ್ಠಲ, ಶಿವರಾಮ ಇಬ್ಬರೂ ಆಡಲು ನಿರಾಕರಿಸಿದರು. ಸುಮ್ಮನೆ ಮನೆಯಲ್ಲಿ ಕೂಡಲಿಲ್ಲ; ಜಾತಿಯ ಕಾರಣಕ್ಕೆ ಆದ ಅವಮಾನವಿದು ಎಂದು ಪತ್ರಿಕೆಗೇ ಬರೆದು ತಿಳಿಸಿದರು. ಜಿಮ್ಖಾನಾ ಬಗ್ಗಿತು. ಮುಂದಿನ ಪಂದ್ಯಕ್ಕೆ ಸಹೋದರರನ್ನು ಮತ್ತೆ ಕರೆದರು, ಬಾಳೂ ಅವರನ್ನು ಉಪನಾಯಕ ಮಾಡಿದರು. ಪೈ ಅವರು ಬೇಕೆಂದೇ ಸ್ವಲ್ಪ ಹೊತ್ತು ಮೈದಾನ ಬಿಟ್ಟು ಹೋಗಿ ಬಾಳೂ ತಂಡ ನಡೆಸುವಂತೆ ಮಾಡಿದರು. 1923ರಲ್ಲಿ ವಿಠ್ಠಲ ಹಿಂದೂ ತಂಡದ ನಾಯಕರಾದರು, ಗೆದ್ದರು, ಜನ ಅವರನ್ನು ಹೆಗಲ ಮೇಲೆ ಹೊತ್ತರು.

ಲೆಕ್ಕ ಹಾಕಿ ನೋಡಿರಿ. ವರ್ಷಾನುಗಟ್ಟಲೆ ಕಿತ್ತ ವಿಕೆಟ್ಟುಗಳು ಅಣ್ಣನಿಗೆ ಕೊಡಿಸಲಾರದ್ದನ್ನು, ತಮ್ಮಂದಿರು 'ಆಡೂದಿಲ್ಲ' ಅಂದ ಒಂದು ಮಾತು ಕೊಡಿಸಿತು. ನಾವು ಹುಡುಗರಿಗೆ 114ರ ಲೆಕ್ಕವನ್ನು ಹೇಳುತ್ತೇವೆ, ಈ ನಿರಾಕರಣೆಯನ್ನು ಹೇಳುವುದಿಲ್ಲ. ಯಾಕೆ? ಬಹುಶಃ ನಮಗೂ ಅಂಜಿಕೆಯಿದೆ.

ಮುಂದಿನ ಭಾಗ ಹೇಳುವುದು ಕಷ್ಟ. ಹೇಳದಿದ್ದರೆ ಸುಳ್ಳಾಗುತ್ತದೆ. ತರುಣ ಅಂಬೇಡ್ಕರ್ ಅವರು ಅಭಿಮಾನದಿಂದ ಕಂಡಿದ್ದ ಈ ಬಾಳೂ, 1932ರಲ್ಲಿ ಪ್ರತ್ಯೇಕ ಮತಕ್ಷೇತ್ರದ ಪ್ರಶ್ನೆ ಬಂದಾಗ ಗಾಂಧಿಯವರ ಕಡೆ ನಿಂತರು. 1937ರ ಮುಂಬಯಿ ಚುನಾವಣೆಯಲ್ಲಿ ಕಾಂಗ್ರೆಸ್ ಅವರನ್ನೇ ಅಂಬೇಡ್ಕರ್ ಅವರ ಎದುರಿಗೆ ನಿಲ್ಲಿಸಿತು. ಅಂಬೇಡ್ಕರ್ ಅವರಿಗೆ 13,245 ಮತ, ಬಾಳೂ ಅವರಿಗೆ 11,225.

ಇದನ್ನು ಕೇಳಿದ ಕೂಡಲೇ ನಮ್ಮಲ್ಲಿ ಒಬ್ಬ ಗೆಳೆಯ ಎದ್ದು ನಿಂತ. 'ಹಂಗಾರ ಅಂವ ನಮ್ಮಾಂವಲ್ಲ, ಬಿಡ್ರಿ' ಅಂದ. ಇನ್ನೊಬ್ಬ ಒಪ್ಪಲಿಲ್ಲ. ಒಳಗೆ ಕರೆಸಿಕೊಂಡು ಹಾರ ಹಾಕಿಸಿಕೊಂಡವನಿಗೆ, ಉಳಿದ ಬಾಗಿಲುಗಳೂ ಹಿಂಗೇ ಒಂದೊಂದಾಗಿ ತೆರೆಯುತ್ತವೆ ಎಂದು ಅನ್ನಿಸುವುದು ಸಹಜ ಎಂಬುದು ಅವನ ವಾದ. ನಮಗೂ ಹಾಗೇ ತೋರುತ್ತದೆ. ಬಾಳೂ ತಮ್ಮ ಬಾಳಿನ ಅನುಭವದಿಂದಲೇ ಮೇಲ್ಜಾತಿಯವರ ಮನಸ್ಸು ಬದಲಾದೀತೆಂದು ನಂಬಿದರು. ಬಾಬಾಸಾಹೇಬರಾದರೂ ಅನುಭವದಿಂದಲೇ ಅದನ್ನು ನಂಬಲಿಲ್ಲ. ಅಮೆರಿಕ, ಇಂಗ್ಲೆಂಡಿನಲ್ಲಿ ಓದಿ ದೊಡ್ಡ ಪದವಿ ಪಡೆದು ಬಂದ ಮೇಲೂ ಬರೋಡಾದಲ್ಲಿ ಇರಲಿಕ್ಕೆ ಒಂದು ಮನೆ ಸಿಗದೆ ಮರಳಿದವರು ಅವರು. ಪ್ರತಿಭೆಗೆ ಸಿಗುವ ವಿನಾಯಿತಿ ಎಷ್ಟು ತೆಳುವೆಂದು ಅವರಿಗೆ ಗೊತ್ತಿತ್ತು. ನಾವು ಬಾಬಾಸಾಹೇಬರ ಕಡೆಯವರು. ಆದರೂ ಮೈದಾನದ ಮೂಲೆಯಲ್ಲಿ ನಿಂತು ಕೈತೊಳೆದ ಮನುಷ್ಯನನ್ನು 'ನಮ್ಮಾಂವಲ್ಲ' ಎನ್ನಲು ನಮಗೆ ನಾಲಿಗೆ ಏಳುವುದಿಲ್ಲ. ಬಾಳೂ 1955ರಲ್ಲಿ ಮುಂಬಯಿಯಲ್ಲಿ ತೀರಿಕೊಂಡರು.

ಇದೆಲ್ಲ ಹಳೇ ಕಾಲದ ಮಾತಾಯಿತು ಎನ್ನುವವರಿದ್ದಾರೆ. ನಮ್ಮ ಹುಡುಗರು ಒಂದೂರಿಗೆ ಟೂರ್ನಮೆಂಟ್ ಆಡಲು ಹೋಗಿದ್ದರು. ಊರಿನ ಹೆಸರು ಬೇಡ. ಕೇರಿಯ ಹುಡುಗ ಐದು ವಿಕೆಟ್ ತೆಗೆದ. ತಂಡದವರೆಲ್ಲ ಅವನನ್ನು ಅಪ್ಪಿಕೊಂಡರು, ಎತ್ತಿ ಕುಣಿದರು. ಊಟದ ಹೊತ್ತಿಗೆ ಎಲ್ಲರಿಗೂ ಸ್ಟೀಲಿನ ತಾಟು ಬಂತು. ಅವನಿಗೂ ಜೊತೆಗಿದ್ದ ಇನ್ನಿಬ್ಬರಿಗೂ ಕಾಗದದ ತಾಟು. 'ತಾಟು ಕಮ್ಮಿ ಬಿದ್ದಾವ, ತಪ್ಪು ತಿಳೀಬ್ಯಾಡ್ರಿ' ಎಂದು ಬಡಿಸುವವರು ನಯವಾಗಿಯೇ ಹೇಳಿದರು. ಸರಿಯಾಗಿ ಮೂರೇ ತಾಟು ಕಮ್ಮಿ ಬಿದ್ದಿದ್ದವು.

ಹುಡುಗರು ಉಂಡು ಬಂದರು. ಹಸಿದಿದ್ದರು, ಮಧ್ಯಾಹ್ನದ ಮೇಲೆ ಇನ್ನೊಂದು ಮ್ಯಾಚ್ ಇತ್ತು. ನಾವು ಅವರನ್ನು ಬಯ್ಯಲಿಲ್ಲ. ಬಾಳೂವಿನ ಮಣ್ಣಿನ ಕುಡಿಕೆಯ ಕಥೆ ಹೇಳಿದ ಸಂಜೆ ಅದೇ ಹುಡುಗ ಬಹಳ ಹೊತ್ತು ಸುಮ್ಮನೆ ಕೂತಿದ್ದ. ಆಮೇಲೆ ಕೇಳಿದ: "ಸರ್, ಅವತ್ತ ಆ ತಮ್ಮಂದಿರು ಆಡೂದಿಲ್ಲ ಅಂದ್ರಲ್ಲ, ಟೀಮಿನಾಗ ಉಳಿದವರು ಯಾರರ ಅವರ ಜೋಡಿ ಹೊರಗ ಬಂದ್ರೇನ್ರಿ?"