ಎದೆಯ ಮೇಲಿನ ನಾಲಿಗೆ

ಚಂದಾಪುರದ ಹುಡುಗನೊಬ್ಬನ ಟೀ-ಶರ್ಟಿನ ಮೇಲೆ ಸ್ಕೇಟ್‌ಬೋರ್ಡು, ಅದರ ಮೇಲೆ ಚಾಚಿದ ಕೆಂಪು ನಾಲಿಗೆ. “ಏನಪ್ಪಾ ಇದು?” ಎಂದೆ. “ಗೊತ್ತಿಲ್ರಿ ಟೀಚರ್, ಛಲೋ ಕಾಣ್ತದ” ಎಂದ.

ಅರ್ಥ ತಿಳಿಯದೆ ಗುರುತು ತೊಡುವುದು ತಪ್ಪೇ? ಆ ನಾಲಿಗೆ ಇಂಗ್ಲೆಂಡಿನ ರೋಲಿಂಗ್ ಸ್ಟೋನ್ಸ್ ಎಂಬ ರಾಕ್ ತಂಡದ್ದು. 1970ರಲ್ಲಿ ಗಾಯಕ ಮಿಕ್ ಜ್ಯಾಗರ್ ತೋರಿಸಿದ ನಮ್ಮ ಕಾಳಿಯ ಚಿತ್ರ ನೋಡಿ, ಕಲಾವಿದ್ಯಾರ್ಥಿ ಜಾನ್ ಪಾಶ್ ಅದನ್ನು ಬರೆದ. ಸ್ಕೇಟ್‌ಬೋರ್ಡು 1950ರ ದಶಕದ ಕ್ಯಾಲಿಫೋರ್ನಿಯಾದ್ದು. ಕಡಲಲೆ ಏರುವ ಹುಡುಗರು ಹಲಗೆಗೆ ಗಾಲಿ ಕಟ್ಟಿ ಬೀದಿಗಿಳಿದರು.

ಕಾಳಿಯ ಕಥೆ ಬಿಟ್ಟು ನಾಲಿಗೆಯನ್ನಷ್ಟೇ ಅವರು ಒಯ್ದರು. ಹಾಡು ಬಿಟ್ಟು ಅಂಗಿಯನ್ನಷ್ಟೇ ಇವನು ತಂದ. ನಗುವ ಮುನ್ನ ನಮ್ಮನ್ನೇ ಕೇಳಿಕೊಳ್ಳೋಣ: ತಾಳಿ, ಕಾಲುಂಗುರಗಳ ಅರ್ಥ ಕೇಳಿ ತೊಟ್ಟವರು ನಮ್ಮಲ್ಲಿ ಎಷ್ಟು ಮಂದಿ? ಅವನು ಮೆಚ್ಚಿ ತೊಟ್ಟ, ನಮಗೆ ತೊಡಿಸಿದರು. ಅರ್ಥ ಕೇಳುವುದಾದರೆ ಅವನೊಬ್ಬನನ್ನೇ ಏಕೆ ಕೇಳಬೇಕು?