ಹೊರುವವರು ಮತ್ತು ಉರಿಸುವವರು

ಚಾರಣಕ್ಕೆ ಹೋಗುವ ಕೆಲವರ ಚೀಲದಲ್ಲಿ ಅಂಗೈಯಗಲದ ಸ್ಪಿರಿಟ್ ಸ್ಟವ್ ಇರುತ್ತದೆ. ಜೊತೆಗೆ ಹಗುರವಾದ ಅಲ್ಯೂಮಿನಿಯಂ ಪಾತ್ರೆ, ಗಾಳಿಗೆ ಮರೆಯಾಗಿ ತಗಡಿನ ಪಟ್ಟಿ. ಈ ಮೂರನ್ನು ಒಂದಕ್ಕೊಂದು ಹೊಂದಿಸುವುದು ನೋಡಲು ಬರೀ ತಾಂತ್ರಿಕ ಸಂಗತಿ. ಅಮಾಸೆಬೈಲು ಕಡೆಯ ಬಚ್ಚಲೊಲೆಗಳನ್ನು ಕಂಡಿರುವ ನನಗೆ ಮಾತ್ರ ಅದರಲ್ಲಿ ಒಂದು ನೈತಿಕ ಪ್ರಶ್ನೆಯೂ ಕಾಣುತ್ತದೆ. ಇಂಧನ ಉಳಿಸುವುದು ಜಾಣತನವೋ, ಧರ್ಮವೋ?

ಮೊದಲು ಲೆಕ್ಕ ನೋಡೋಣ. 25 ಡಿಗ್ರಿಯ ಅರ್ಧ ಲೀಟರ್ ನೀರನ್ನು ಕುದಿಗೆ ತರಲು ಸುಮಾರು 157 ಕಿಲೋಜೂಲ್ ಶಾಖ ಬೇಕು. ಅಷ್ಟೂ ಶಾಖ ನೀರಿಗೇ ಸೇರುವುದಾದರೆ 8 ಮಿಲಿಲೀಟರ್ ಸ್ಪಿರಿಟ್ ಸಾಕು. ಆದರೆ ಹಾಗೆ ಸೇರುವುದಿಲ್ಲ. ಲೋಟದಂತೆ ಕಿರಿದಾದ ಪಾತ್ರೆ ಇಟ್ಟರೆ ಜ್ವಾಲೆ ಅದರ ಬದಿ ಸವರಿಕೊಂಡು ಮೇಲೆ ಹೋಗಿಬಿಡುತ್ತದೆ. ತಳ ಅಗಲವಿದ್ದರೆ ಅದೇ ಉರಿ ಕೆಲಸಕ್ಕೆ ಬರುತ್ತದೆ. ಪಾತ್ರೆ ತೀರಾ ಹತ್ತಿರವಿದ್ದರೆ ಉರಿಗೆ ಗಾಳಿ ಸಾಲದು, ದೂರವಿದ್ದರೆ ಶಾಖ ಗಾಳಿಯ ಪಾಲು. ಎಲ್ಲವನ್ನೂ ಹೊಂದಿಸಿ, ಮುಚ್ಚಳ ಹಾಕಿ, ಅರ್ಧದಷ್ಟು ಶಾಖ ನೀರಿಗೆ ದಕ್ಕಿದರೆ 15 ಮಿಲಿಲೀಟರ್‌ನಲ್ಲಿ ಕೆಲಸ ಮುಗಿಯುತ್ತದೆ. ಕುದಿ ಬಂದ ಮೇಲೆ ಎಷ್ಟು ಉರಿಸಿದರೂ ನೀರು ಇನ್ನೂ ಬಿಸಿಯಾಗುವುದಿಲ್ಲ, ಆವಿಯಾಗುತ್ತದೆ ಅಷ್ಟೆ. ಹಾಗೆ ಪೂರ್ತಿ ಆವಿಯಾಗಲು, ಕುದಿಗೆ ತಂದದ್ದರ ಏಳು ಪಟ್ಟು ಶಾಖ ಬೇಕು.

ಚಾರಣಿಗ ಹನಿ ಹನಿ ಅಳೆಯುವುದೇಕೆ? ಸ್ಪಿರಿಟ್ ತುಂಬಿದ ಬಾಟಲಿ ಅವನ ಬೆನ್ನ ಮೇಲೆಯೇ ಇದೆ. ಹೊರುವವನೂ ಅವನೇ, ಉರಿಸುವವನೂ ಅವನೇ. ವ್ಯರ್ಥವಾದದ್ದು ಏರುಹಾದಿಯಲ್ಲಿ ತಾನೇ ಲೆಕ್ಕ ಒಪ್ಪಿಸುತ್ತದೆ. ಇಂಥ ಮಿತವ್ಯಯಕ್ಕೆ ಜಾಣತನ ಸಾಕು.

ಮನೆಯ ಒಲೆಯಲ್ಲಿ ಇವರಿಬ್ಬರೂ ಬೇರೆಯಾಗುತ್ತಾರೆ. ಸೌರದೀಪಗಳಿಂದ ಹೆಸರಾದ ಅಮಾಸೆಬೈಲಿನಂಥ ಊರಲ್ಲೂ ಸ್ನಾನದ ನೀರಿಗೆ ಬಚ್ಚಲೊಲೆಯ ಬೆಂಕಿ ಬೇಕು. ಮಳೆಗಾಲವೆಂದರೆ ಹಂಡೆಯಲ್ಲಿ ಸದಾ ಬಿಸಿನೀರು ಇರಬೇಕು. ಮಡಲು, ಕರಟ, ಸಿಪ್ಪೆ, ಸೌದೆಯನ್ನು ಮಳೆಗೆ ಮುಂಚೆ ಒಟ್ಟು ಮಾಡಿ, ತಲೆಯ ಮೇಲೆ ಹೊತ್ತು, ಹಸಿ ಕಟ್ಟಿಗೆಯ ಹೊಗೆಯಲ್ಲಿ ಕಣ್ಣು ಕೆಂಪು ಮಾಡಿಕೊಂಡು ಊದುವವರು ಹೆಚ್ಚಾಗಿ ಹೆಂಗಸರು. ನೀರು ಕಾದಿದೆಯೇ ಎಂದು ಕೇಳುವವರು ಬೇರೆ. ಕೇಳುವವರಿಗೆ ಹಂಡೆಯ ಭಾರ ಗೊತ್ತಿಲ್ಲ. ಒಂದು ಚೊಂಬು ಹೆಚ್ಚು ಸುರಿದುಕೊಂಡರೆ ಅವರ ಬೆನ್ನೇನೂ ನೋಯುವುದಿಲ್ಲ.

ಇದನ್ನು ವಿಜ್ಞಾನವೂ ಗಮನಿಸಿತ್ತು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನದ ಕೇಂದ್ರ ಶುರುವಾಯಿತು. ಕುಣಿಗಲ್ ತಾಲ್ಲೂಕಿನ ಉಂಗ್ರದ ಸುತ್ತಲಿನ ಹಳ್ಳಿಗಳಲ್ಲಿ ಅವರು ಇಂಧನದ ಲೆಕ್ಕ ಹಾಕಿದಾಗ ದೊಡ್ಡ ಪಾಲು ಸೌದೆಯದ್ದು, ಅದರ ಹಿಂದಿನ ದುಡಿಮೆಯಲ್ಲಿ ದೊಡ್ಡ ಪಾಲು ಹೆಂಗಸರು ಮತ್ತು ಮಕ್ಕಳದ್ದು. ಆಮೇಲೆ ಬಂದದ್ದು ಅಸ್ತ್ರ ಒಲೆ: ಹೊಗೆಗೆ ಕೊಳವೆ, ಪಾತ್ರೆಗಳಿಗೆ ಅಳತೆಯ ಕುಳಿ. ಚಾರಣಿಗನ ಸ್ಟವ್‌ನ ಸೂತ್ರವೇ ಇಲ್ಲಿಯೂ ಇದೆ, ಪಾತ್ರೆ ಕುಳಿಗೆ ಸರಿಯಾಗಿ ಕೂರಬೇಕು. ಆದರೆ ಇಲ್ಲಿ ಉಳಿದದ್ದು ಇನ್ನೊಬ್ಬರ ತಲೆಯ ಹೊರೆ, ಇನ್ನೊಬ್ಬರ ಉಸಿರು.

ಒಂದು ಆಕ್ಷೇಪವನ್ನು ಒಪ್ಪಬೇಕು. ನೀರಿಗೆ ಸೇರದ ಶಾಖವೆಲ್ಲ ದಂಡವಲ್ಲ. ಮಳೆಗಾಲದಲ್ಲಿ ಒಲೆಯ ಬಿಸಿ ಒದ್ದೆ ಬಟ್ಟೆ ಒಣಗಿಸುತ್ತದೆ, ಹೊಗೆ ಅಟ್ಟದಲ್ಲಿಟ್ಟ ಸಾಮಾನನ್ನು ಹುಳದಿಂದ ಕಾಯುತ್ತದೆ, ಬೂದಿ ಪಾತ್ರೆ ತಿಕ್ಕಲೂ ಗಿಡಕ್ಕೂ ಆಗುತ್ತದೆ. ಕುಚ್ಚಲಕ್ಕಿ ಗಂಜಿಗೆ ಬಹಳ ಹೊತ್ತು ಬೇಯುವ ಉರಿ ಬೇಕು. 15 ಮಿಲಿಲೀಟರ್ ಸ್ಪಿರಿಟ್ಟಿನಿಂದ ಅದು ಸಾಗದು. ಹಾಗಾಗಿ ಕಡಿಮೆ ಉರಿಸಿದ್ದೇ ಒಳ್ಳೆಯದು ಎನ್ನಲಾಗದು. ಆದರೆ ಈ ಉಪಯೋಗಗಳನ್ನೆಲ್ಲ ಎಣಿಸುವಾಗ ಹೊಗೆ ಕುಡಿದವರ ಎದೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅದನ್ನು ಬಿಟ್ಟು ಹಳೆಯ ಒಲೆಯನ್ನು ಹೊಗಳುವುದು ಬಚ್ಚಲಿನ ಹೊರಗೆ ನಿಂತವರಿಗೆ ಸುಲಭ.

ಹಾಗಾಗಿ ನನಗೆ ಕಾಣುವ ಉತ್ತರ ಹೀಗಿದೆ. ನಮ್ಮ ಹೊರೆ ಇಳಿಸಿಕೊಳ್ಳಲು ಮಾಡುವ ಉಳಿತಾಯ ಜಾಣತನ. ಕಣ್ಣಿಗೆ ಬೀಳದ ಇನ್ನೊಬ್ಬರ ಹೊರೆಯನ್ನು ನೆನೆದು ಮಾಡುವ ಉಳಿತಾಯ ಧರ್ಮ. ಮೊದಲನೆಯದನ್ನು ಬೆಟ್ಟವೇ ಕಲಿಸುತ್ತದೆ, ಎರಡನೆಯದನ್ನು ನಾವಾಗಿಯೇ ಕಲಿಯಬೇಕು. ಕಾಡಿನಲ್ಲಿ ಸ್ಪಿರಿಟ್ ಅಳೆಯುವ ವಿದ್ಯಾರ್ಥಿ ಊರಿಗೆ ಬಂದು ಹಾಸ್ಟೆಲ್ಲಿನ ಗೀಸರ್ ಹಾಕಿಟ್ಟು ಮಲಗುವುದು ಅಳತೆ ಗೊತ್ತಿಲ್ಲದೆ ಅಲ್ಲ. ಆ ಬಿಸಿನೀರನ್ನು ಯಾರು ಹೊತ್ತು ತಂದರು ಎಂಬುದು ಅವನಿಗೆ ಕಾಣುತ್ತಿಲ್ಲ.