ಎರಡು ಸಲ ಒತ್ತಿದರೆ ಹಿಡಿಯುತ್ತೆ

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಹಳೇ ಕಾರು ಕೊಂಡೆ. 11 ವರ್ಷ ಓಡಿದ ಗಾಡಿ, 1 ಲಕ್ಷದ 40 ಸಾವಿರ. ಪಿಎಚ್‌ಡಿ ಮಾಡುವವಳಿಗೆ ಕಾರು ಯಾಕೆ ಎಂದು ಹಾಸ್ಟೆಲಿನಲ್ಲಿ ನಕ್ಕರು. ಕಣ್ಣಿನ ಚಿಕಿತ್ಸೆಗೆ ಅಮ್ಮನನ್ನು ತೀರ್ಥಹಳ್ಳಿಯಿಂದ ಉಡುಪಿಗೆ ಆಗಾಗ ಕರೆತರಬೇಕಿತ್ತು. ಘಾಟಿಯಲ್ಲಿ ಬಸ್ಸು ಹತ್ತಿದರೆ ಅವಳಿಗೆ ವಾಂತಿ.

ಮಾರಿದವರು ನಿವೃತ್ತ ಮೇಷ್ಟ್ರು. ಕೀ ಕೊಡುವಾಗ, "ಬ್ರೇಕು ಸ್ವಲ್ಪ ಮೆತ್ತಗಿದೆಯಮ್ಮ. ಎರಡು ಸಲ ಒತ್ತಿದರೆ ಹಿಡಿಯುತ್ತೆ" ಎಂದರು. ನಮ್ಮನೆ ಹಿತ್ತಿಲ ಬಾಗಿಲನ್ನು ಸ್ವಲ್ಪ ಎತ್ತಿ ಹಾಕಬೇಕು ಎನ್ನುವಷ್ಟು ಸಹಜವಾಗಿ ಹೇಳಿದ್ದರಿಂದ ನಾನೂ ಸಹಜವಾಗಿಯೇ ತಲೆಯಾಡಿಸಿದೆ.

ಮೊದಲ ವಾರವೇ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಗೊತ್ತಾಯಿತು. ಪೆಡಲ್ ಮೇಲೆ ಕಾಲಿಟ್ಟು ಸುಮ್ಮನೆ ಕೂತರೆ ಅದು ಮೆಲ್ಲಗೆ, ಕೆಸರಿನಲ್ಲಿ ಕಾಲು ಇಳಿದ ಹಾಗೆ ಕೆಳಗೆ ಇಳಿಯುತ್ತಿತ್ತು. ಗ್ಯಾರೇಜಿಗೆ ಒಯ್ದೆ. ಮೆಕ್ಯಾನಿಕ್ ಧಡಕ್ಕನೆ ಒತ್ತಿ ನೋಡಿದ, ಗಾಡಿ ನಿಂತಿತು. ಎಣ್ಣೆ ಎಲ್ಲೂ ಸೋರುತ್ತಿರಲಿಲ್ಲ. "ಇದಕ್ಕೆ ಎಂತ ಆಗ್ಲಿಲ್ಲ ಮೇಡಂ. ನೀವು ಹೊಸಬರಲ್ವಾ, ಕಾಲಿಗೆ ಅಭ್ಯಾಸ ಆಗ್ಬೇಕು" ಎಂದ. ಬೇರೆ ಯಾವ ವಿಷಯಕ್ಕಾದರೂ ಈ ಮಾತು ಕೇಳಿ ನನಗೆ ಸಿಟ್ಟು ಬರುತ್ತಿತ್ತು. ಅವತ್ತು ಬರಲಿಲ್ಲ. ಫೆಲೋಶಿಪ್ ಮೂರು ತಿಂಗಳಿಂದ ಬಂದಿರಲಿಲ್ಲ. ರಿಪೇರಿ ಬೇಡ ಎನ್ನುವ ಮಾತು ಯಾರ ಬಾಯಿಂದ ಬಂದರೂ ನಂಬಲು ನಾನು ತಯಾರಿದ್ದೆ.

ಆಮೇಲೆ ಕಾಲಿಗೆ ನಿಜವಾಗಿಯೂ ಅಭ್ಯಾಸವಾಯಿತು. ಒಮ್ಮೆ ಸಣ್ಣಗೆ, ಇನ್ನೊಮ್ಮೆ ಪೂರ್ತಿ. ಪೂರ್ತಿ ಕೆಟ್ಟ ಬ್ರೇಕು ಯಾರನ್ನೂ ಮೋಸಗೊಳಿಸುವುದಿಲ್ಲ, ಗಾಡಿ ಅಂಗಳ ದಾಟುವುದೇ ಇಲ್ಲ. ಆಗಾಗ ಮಾತ್ರ ಕೈಕೊಡುವ ಬ್ರೇಕು ಹಾಗಲ್ಲ. ಅದು ಹಿಡಿದ ಪ್ರತಿಸಲವೂ ರಿಪೇರಿ ಮುಂದೂಡಲು ಒಂದು ಸಾಕ್ಷಿ ಸಿಗುತ್ತದೆ. ನಾಲ್ಕು ವಾರದಲ್ಲಿ ನನ್ನ ಬಳಿ ಅಂಥ ನೂರಾರು ಸಾಕ್ಷಿಗಳಿದ್ದವು.

ನಾಲ್ಕನೇ ವಾರ ಅಮ್ಮನನ್ನು ಕೂರಿಸಿಕೊಂಡು ಆಗುಂಬೆ ಘಾಟಿ ಇಳಿದೆ. ಒಟ್ಟು 14 ಹೇರ್‌ಪಿನ್ ತಿರುವುಗಳು. ಹತ್ತುವ ಗೇರಿನಲ್ಲೇ ಇಳಿಯಬೇಕು ಎಂಬ ಹಳಬರ ಮಾತು ಗೊತ್ತಿದ್ದೂ, ಮೂರನೇ ಗೇರಿನಲ್ಲಿ ಬ್ರೇಕ್ ತುಳಿಯುತ್ತಲೇ ಬರುತ್ತಿದ್ದೆ. ಆರನೆಯದೋ ಏಳನೆಯದೋ ತಿರುವಿನಲ್ಲಿ, ಮುಂದೊಂದು ಮಿನಿ ಬಸ್ಸು ಇದ್ದಾಗ, ಪೆಡಲ್ ತಳಕ್ಕೆ ಹೋಯಿತು. ಎರಡನೇ ಸಲ ಒತ್ತಿದೆ, ಆಗಲೂ ತಳಕ್ಕೇ ಹೋಯಿತು. ಮೂರನೇ ಸಲಕ್ಕೆ ಅರ್ಧ ಹಿಡಿಯಿತು. ಗೇರು ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗುಡ್ಡದ ಬದಿಗೆ ತಂದು ನಿಲ್ಲಿಸಿದೆ.

"ಎಂತಕ್ಕೇ ನಿಲ್ಸಿದೆ?" ಎಂದಳು ಅಮ್ಮ.

ತಡೆಗೋಡೆಯ ಮೇಲೆ ಮಂಗಗಳು ಸಾಲಾಗಿ ಕೂತಿದ್ದವು. "ಏನಿಲ್ಲ, ಮಂಗ ನೋಡ್ಕೊಂಡು ಹೋಗೋಣ ಅಂತ" ಅಂದೆ.

ಅರ್ಧ ಗಂಟೆ ಅಲ್ಲೇ ಕೂತೆವು. ಮರಿ ತಬ್ಬಿಕೊಂಡ ಒಂದು ಮಂಗವನ್ನು ಅಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ ನೋಡಿ ನಕ್ಕಳು. ಆಮೇಲೆ ಒಂದನೇ ಗೇರಿನಲ್ಲಿ ಸೋಮೇಶ್ವರ ಮುಟ್ಟಿದೆವು.

ಮರುದಿನ ಬೇರೊಬ್ಬ ಮೆಕ್ಯಾನಿಕ್ ಬಿಚ್ಚಿ ತೋರಿಸಿದ. ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸವೆದಿತ್ತು. ಜೋರಾಗಿ ಒತ್ತಿದರೆ ಅದು ಅಗಲಿಸಿ ಎಣ್ಣೆಯನ್ನು ತಡೆಯುತ್ತದೆ, ಮೆಲ್ಲಗೆ ಒತ್ತಿ ಹಿಡಿದರೆ ಎಣ್ಣೆ ಒಳಗೊಳಗೇ ಹಿಂದಕ್ಕೆ ಜಾರುತ್ತದೆ. ಧಡಕ್ಕನೆ ಒತ್ತಿದವನಿಗೆ ದೋಷ ಕಾಣದಿದ್ದದ್ದು ಅದಕ್ಕೇ. ಜೊತೆಗೆ ಬ್ರೇಕ್ ಆಯಿಲ್ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಈ ಎಣ್ಣೆ ಗಾಳಿಯ ತೇವ ಹೀರುತ್ತದೆ. ಡಾಟ್ 3 ಎಂಬ ವರ್ಗದ ಹೊಸ ಎಣ್ಣೆ 205 ಡಿಗ್ರಿಯವರೆಗೆ ಕುದಿಯಬಾರದು. ನೀರು ಸೇರಿದ ಮೇಲಿನ ಮಿತಿ 140 ಡಿಗ್ರಿ ಮಾತ್ರ. ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆಗಳು, ಕಾಲಿನ ಒತ್ತಡವೆಲ್ಲ ಅವುಗಳನ್ನು ಅದುಮುವುದರಲ್ಲೇ ಖರ್ಚು. ರಿಪೇರಿಗೆ ಆದದ್ದು 5,200 ರೂಪಾಯಿ.

ತಮಾಷೆಯೆಂದರೆ, ಆ ದಿನಗಳಲ್ಲಿ ನಾನು ಓದುತ್ತಿದ್ದದ್ದೂ ಇಂಥದ್ದನ್ನೇ. 1877ರಲ್ಲಿ ಕ್ಲಿಫರ್ಡ್ ಎಂಬ ಗಣಿತಜ್ಞ ನಂಬಿಕೆಯ ನೀತಿಯ ಬಗ್ಗೆ ಬರೆದ ಪ್ರಬಂಧದಲ್ಲಿ ಒಬ್ಬ ಹಡಗಿನ ಮಾಲೀಕ ಬರುತ್ತಾನೆ. ಹಡಗು ಹಳೆಯದೆಂದು, ರಿಪೇರಿ ಬೇಕೆಂದು ಅವನಿಗೆ ಗೊತ್ತು. ಇಷ್ಟು ಸಲ ಹೋಗಿ ಬಂದಿದೆಯಲ್ಲ ಎಂದು ಮನಸ್ಸನ್ನು ಒಪ್ಪಿಸಿಕೊಂಡು, ಪ್ರಾಮಾಣಿಕವಾಗಿ ನಂಬಿ, ಜನರನ್ನು ಹತ್ತಿಸಿ ಕಳಿಸುತ್ತಾನೆ. ಹಡಗು ಮುಳುಗುತ್ತದೆ. ಹಡಗು ಮುಳುಗದೆ ದಡ ಸೇರಿದ್ದರೂ ಅವನ ತಪ್ಪು ಎಳ್ಳಷ್ಟೂ ಕಡಿಮೆಯಾಗುತ್ತಿರಲಿಲ್ಲ ಎನ್ನುತ್ತಾನೆ ಕ್ಲಿಫರ್ಡ್.

ಥಾಮಸ್ ನೇಗೆಲ್ ಇದನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ. ನೈತಿಕ ಅದೃಷ್ಟದ ಬಗ್ಗೆ 1976ರಲ್ಲಿ ಬರೆದಾಗ ಅವನು ಕೊಟ್ಟ ಉದಾಹರಣೆ ಬ್ರೇಕ್ ಪರೀಕ್ಷೆ ಮಾಡಿಸದ ಲಾರಿ ಡ್ರೈವರಿನದೇ. ಮಗುವೊಂದು ಅಡ್ಡ ಬಂದರೆ ಅವನು ಜೀವನವಿಡೀ ಅಪರಾಧಿ. ಬರದಿದ್ದರೆ ಅದೇ ಉದಾಸೀನಕ್ಕೆ ಅವನು ಒಂದು ನಿಮಿಷವೂ ನಿದ್ದೆ ಕೆಡಿಸಿಕೊಳ್ಳುವುದಿಲ್ಲ. ನಾವು ಬದುಕುವುದು, ತೀರ್ಪು ಕೊಡುವುದು ಹೀಗೆಯೇ. ಇದು ಸರಿಯೆಂದಲ್ಲ, ಆದರೆ ಇದನ್ನು ಬಿಟ್ಟುಬಿಡುವುದೂ ನಮ್ಮಿಂದಾಗದು.

ಇಬ್ಬರನ್ನೂ ತರಗತಿಯಲ್ಲಿ ಒಂದರ ಪಕ್ಕ ಒಂದಿಟ್ಟು ಪಾಠ ಮಾಡಿದ್ದೇನೆ. ಈಗ ಓದಿದರೆ ಇಬ್ಬರಲ್ಲೂ ಒಬ್ಬರು ಕಾಣೆಯಾಗಿದ್ದಾರೆ ಅನ್ನಿಸುತ್ತದೆ. ಕ್ಷೇಮವಾಗಿ ದಡ ಸೇರಿದ ಹಡಗಿನಿಂದ ಇಳಿದವರು ಅವರು, ಪೆಟ್ಟಿಗೆ ಎತ್ತಿಕೊಂಡು ಪ್ರಯಾಣ ಚೆನ್ನಾಗಿತ್ತು ಎನ್ನುತ್ತಾ ಮನೆಗೆ ಹೋದವರು. ಮಾಲೀಕ ತಪ್ಪಿತಸ್ಥನೋ ಅಲ್ಲವೋ ಎಂಬ ಚರ್ಚೆ ಅವನೊಳಗೇ ಮುಗಿದುಹೋಗುತ್ತದೆ. ಇವರಿಗೆ ಅವನು ಏನನ್ನಾದರೂ ಹೇಳಬೇಕಿತ್ತೇ?

ಮೇಷ್ಟ್ರಿಗೆ ಫೋನ್ ಮಾಡಿದೆ. ಜಗಳಕ್ಕೇ ಮಾಡಿದ್ದು. ರಬ್ಬರಿನ ಕತೆ ಪೂರ್ತಿ ಕೇಳಿ ಅವರು ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ, "ಮೊಮ್ಮಕ್ಕಳನ್ನ ದಿನಾ ಅದರಲ್ಲೇ ಶಾಲೆಗೆ ಬಿಡ್ತಿದ್ದೆ" ಎಂದರು. ನನ್ನ ಜಗಳ ಅಲ್ಲಿಗೆ ನಿಂತಿತು. ಅವರು ನನ್ನಿಂದ ಏನನ್ನೂ ಮುಚ್ಚಿಟ್ಟಿರಲಿಲ್ಲ. ಎರಡು ಸಲ ಒತ್ತಬೇಕೆಂದು ಅವರೂ ಹೇಳಿದ್ದರು, ನಾನೂ ಕೇಳಿಸಿಕೊಂಡಿದ್ದೆ.

ಅಮ್ಮ ಈ ಪ್ರಯಾಣವನ್ನು ಊರಿಗೆಲ್ಲ ಹೇಳಿದ್ದಾಳೆ. ಮಗಳು ಕಾರು ತಗೊಂಡಳು, ಘಾಟಿಯಲ್ಲಿ ನಿಲ್ಲಿಸಿ ಮಂಗ ತೋರಿಸಿದಳು. ಪಕ್ಕದ ಮನೆಯವರಿಗೆ ಹೇಳುವಾಗ ನಾನೂ ಅಲ್ಲೇ ಕೂತಿದ್ದೆ. ಈಗ ನಿಜ ಹೇಳಿದರೆ ಹಗುರಾಗುವವಳು ನಾನು, ಕಾರು ಹತ್ತಲು ಹೆದರುವವಳು ಅವಳು. ಅದು ಅವಳ ಖರ್ಚಿನಲ್ಲಿ ನಾನು ಮಾಡಿಕೊಳ್ಳುವ ಪ್ರಾಯಶ್ಚಿತ್ತ. ಕೆಲವು ತಿಂಗಳು ಈ ವಾದವೇ ನನ್ನನ್ನು ಕಾಪಾಡಿತು. ಆದರೆ ಅದರ ದನಿ ಎಲ್ಲೋ ಕೇಳಿದ ಹಾಗಿದೆ. ಫೆಲೋಶಿಪ್ ಬರಲಿ, ಮಾಡಿಸಿದರಾಯಿತು ಎಂದದ್ದೂ ಇದೇ ದನಿ.

ಬ್ರೇಕು ಸರಿಯಾಗಿದೆ, ಆ ಅಪಾಯ ಮುಗಿದಿದೆ. ಮುಗಿಯದೇ ಇರುವುದು ಇನ್ನೊಂದು. ನಾನು "ಏನಿಲ್ಲ" ಎಂದರೆ ಅಮ್ಮ ಈಗಲೂ ಏನಿಲ್ಲವೆಂದೇ ತಿಳಿಯುತ್ತಾಳೆ. ನನ್ನ ಆ ಮಾತಿಗೆ ಎಷ್ಟು ಬೆಲೆ ಕೊಡಬೇಕೆಂಬ ಅವಳ ಲೆಕ್ಕ ತಪ್ಪಾಗಿದೆ. ತಪ್ಪಿಸಿದವಳು ನಾನು.

ನಿನ್ನೆ ಫೋನಿನಲ್ಲಿ, "ಬರೋ ವಾರ ಇಳಿಯೋವಾಗ ಅಲ್ಲೇ ನಿಲ್ಸೇ. ಆ ಮರಿ ಈಗ ದೊಡ್ಡದಾಗಿರ್ಬೇಕು" ಎಂದಳು.

ನಿಲ್ಲಿಸ್ತೀನಿ ಅಂದೆ. ಅಲ್ಲೇ, ಆ ಗೋಡೆಯ ಹತ್ತಿರ ಹೇಳಬೇಕು ಅಂದುಕೊಂಡಿದ್ದೇನೆ. ಮಂಗಗಳನ್ನು ನೋಡಿ ಮುಗಿದ ಮೇಲೆ.